ಜಿಮ್ಮಿ ಹಿಲ್: ಆಟಗಾರನಿಗೆ ಬಾಯಿ ಬಂದ ಕಾಲ

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರನ ಸಂಬಳಕ್ಕೆ ಮಿತಿ ಬಿದ್ದದ್ದು 1901ರಲ್ಲಿ. ಆಗ ವಾರಕ್ಕೆ ನಾಲ್ಕು ಪೌಂಡ್. ಎರಡು ಮಹಾಯುದ್ಧಗಳು ಬಂದು ಹೋದವು, ದೊರೆಗಳು ಬದಲಾದರು, ಮಿತಿ ಮಾತ್ರ ಹಾಗೇ ಉಳಿಯಿತು. ಆಗೊಮ್ಮೆ ಈಗೊಮ್ಮೆ ಒಂದೆರಡು ಪೌಂಡ್ ಏರುತ್ತಾ 1958ರ ಹೊತ್ತಿಗೆ ಆಟದ ತಿಂಗಳುಗಳಲ್ಲಿ 20 ಪೌಂಡ್, ಬೇಸಿಗೆಯ ಬಿಡುವಿನಲ್ಲಿ 17 ಪೌಂಡ್ ಎಂಬಲ್ಲಿಗೆ ಬಂದು ನಿಂತಿತ್ತು. ಸ್ಟ್ಯಾನ್ಲಿ ಮ್ಯಾಥ್ಯೂಸನ ಆಟ ನೋಡಲು ಹತ್ತಾರು ಸಾವಿರ ಜನ ದುಡ್ಡು ಕೊಟ್ಟು ಬರುತ್ತಿದ್ದರು. ಆ ದುಡ್ಡು ಕ್ಲಬ್ಬಿನ ಪೆಟ್ಟಿಗೆ ಸೇರುತ್ತಿತ್ತು, ಮ್ಯಾಥ್ಯೂಸನ ಕೈಗೆ ಬರುತ್ತಿದ್ದದ್ದು ನಿಯಮದಲ್ಲಿ ಬರೆದಿಟ್ಟಷ್ಟೇ. ಇನ್ನೊಂದು ನಿಯಮ ಇದಕ್ಕಿಂತ ಕ್ರೂರವಾಗಿತ್ತು. ಒಪ್ಪಂದ ಮುಗಿದ ಮೇಲೂ ಕ್ಲಬ್ಬು ಆಟಗಾರನ ನೋಂದಣಿಯನ್ನು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಅವನು ಬೇರೆ ಕಡೆ ಆಡುವಂತಿಲ್ಲ, ಇಲ್ಲಿ ಆಡದಿದ್ದರೆ ಸಂಬಳವೂ ಇಲ್ಲ. ಮಾಲೀಕರು ಇದನ್ನು ಶಿಸ್ತು ಎಂದು ಕರೆದರು. ಜೀತ ಎಂದರೆ ಹೆಚ್ಚಾಗಲಾರದು.

ಈ ಕಟ್ಟನ್ನು ಮುರಿದವರಲ್ಲಿ ಮುಂದೆ ನಿಂತವನು ದೊಡ್ಡ ಆಟಗಾರನೇನಲ್ಲ. ಜಿಮ್ಮಿ ಹಿಲ್ 1928ರ ಜುಲೈ 22ರಂದು ದಕ್ಷಿಣ ಲಂಡನ್ನಿನ ಬಾಲಮ್‌ನಲ್ಲಿ ಹುಟ್ಟಿದ. ಅಪ್ಪ ಮನೆಮನೆಗೆ ಹಾಲು, ಬ್ರೆಡ್ಡು ಹಾಕುತ್ತಿದ್ದವನು. ಕಡ್ಡಾಯ ಸೈನ್ಯ ಸೇವೆ ಮುಗಿಸಿ ಬಂದ ಹುಡುಗ 1949ರಲ್ಲಿ ಬ್ರೆಂಟ್‌ಫರ್ಡ್ ಕ್ಲಬ್ ಸೇರಿದ, 1952ರಲ್ಲಿ ಥೇಮ್ಸ್ ದಡದ ಫುಲ್ಹ್ಯಾಮಿಗೆ ಬಂದ. ಅಲ್ಲಿ ಅವನ ಜೊತೆಗಾರರು ಜಾನಿ ಹೇನ್ಸ್ ಮತ್ತು ಬಾಬಿ ರಾಬ್ಸನ್. ಹೇನ್ಸ್ ಮುಂದೆ ಇಂಗ್ಲೆಂಡಿನ ನಾಯಕನಾದ, ರಾಬ್ಸನ್ ಇಂಗ್ಲೆಂಡ್ ತಂಡದ ಮ್ಯಾನೇಜರನಾದ. ಹಿಲ್ ಓಡುತ್ತಿದ್ದ, ದುಡಿಯುತ್ತಿದ್ದ, ಹಾತೊರೆದು ಆಡುತ್ತಿದ್ದ, ಆದರೆ ಕಾಲಿನಲ್ಲಿ ಅಂಥ ಜಾಣ್ಮೆ ಇರಲಿಲ್ಲ. ಕ್ಷೌರ ಮಾಡಿಕೊಂಡ ಮುಖಗಳ ನಡುವೆ ಅವನದೊಂದೇ ಗಡ್ಡ. ಉದ್ದನೆಯ ಆ ಗಲ್ಲ ಮುಂದೆ ವ್ಯಂಗ್ಯಚಿತ್ರಕಾರರಿಗೆಲ್ಲ ವರವಾಯಿತು.

ಅವನ ಆಟದ ಬದುಕಿನಲ್ಲಿ ಹೊಳೆದ ವರ್ಷವೆಂದರೆ 1958. ಆ ಮಾರ್ಚ್‌ನಲ್ಲಿ ಡಾಂಕಾಸ್ಟರ್ ರೋವರ್ಸ್ ತಂಡದ ಅಂಗಳಕ್ಕೇ ಹೋಗಿ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದ. ಅದೇ ತಿಂಗಳು ಎಫ್ಎ ಕಪ್ ಸೆಮಿಫೈನಲ್. ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಮ್ಯೂನಿಕ್‌ನ ವಿಮಾನ ಅಪಘಾತದಲ್ಲಿ ಎಂಟು ಆಟಗಾರರನ್ನು ಕಳೆದುಕೊಂಡು ಆ ತಂಡಕ್ಕೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಇಡೀ ದೇಶದ ಮರುಕ ಅದರ ಕಡೆಗಿತ್ತು. ಮೊದಲ ಪಂದ್ಯ 2-2ರಲ್ಲಿ ನಿಂತಿತು, ಫುಲ್ಹ್ಯಾಮಿನ ಒಂದು ಗೋಲು ಹಿಲ್‌ನದು. ಮರುಪಂದ್ಯದಲ್ಲಿ ಫುಲ್ಹ್ಯಾಮ್ 5-3ರಿಂದ ಸೋತಿತು.

ಅಷ್ಟರಲ್ಲಿ ಅವನು ಇನ್ನೊಂದು ಆಟಕ್ಕೆ ಇಳಿದಾಗಿತ್ತು. 1957ರಲ್ಲಿ ಆಟಗಾರರ ಸಂಘದ ಅಧ್ಯಕ್ಷನಾದ. ಹಳೆಯ ಉದ್ದನೆಯ ಹೆಸರನ್ನು ಬದಲಿಸಿ ಅದಕ್ಕೆ ಪ್ರೊಫೆಷನಲ್ ಫುಟ್‌ಬಾಲರ್ಸ್ ಅಸೋಸಿಯೇಷನ್ ಎಂದು ಹೆಸರಿಟ್ಟ. ಕಾರ್ಯದರ್ಶಿ ಕ್ಲಿಫ್ ಲಾಯ್ಡ್ ಮೆಲುಮಾತಿನವನು, ಕಾಗದಪತ್ರಗಳಲ್ಲಿ ಪಕ್ಕಾ. ಹಿಲ್ ಮಾತುಗಾರ. ಪತ್ರಕರ್ತರ ಎದುರು ನಿಂತರೆ ಹೆದರುತ್ತಿರಲಿಲ್ಲ. ಆಟಗಾರನೆಂದರೆ ಟೋಪಿ ಕೈಯಲ್ಲಿ ಹಿಡಿದು ಯಜಮಾನರ ಕೋಣೆಯ ಹೊರಗೆ ಕಾಯುವವನು ಎಂದುಕೊಂಡಿದ್ದ ಲೀಗಿನ ಹಿರಿಯರಿಗೆ, ಅಂಕಿಅಂಶ ಹಿಡಿದು ಸಮಬಲದಲ್ಲಿ ಎದುರು ಕೂತು ವಾದಿಸುವ ಈ ಗಡ್ಡದವನನ್ನು ಹೇಗೆ ನಿಭಾಯಿಸಬೇಕೆಂದು ತೋಚಲಿಲ್ಲ.

ಮಾತುಕತೆ ಮುಂದೆ ಹೋಗಲಿಲ್ಲ. ಮುಷ್ಕರ ಮಾಡುವುದೇ ಎಂದು ಆಟಗಾರರನ್ನು ಕೇಳಲು ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್‌ಗಳಲ್ಲಿ ಸಭೆಗಳು ನಡೆದವು. ಮ್ಯಾಂಚೆಸ್ಟರ್ ಸಭೆಯ ಒಂದು ಪ್ರಸಂಗವನ್ನು ಅಲ್ಲಿದ್ದವರು ಜೀವನಪೂರ್ತಿ ಹೇಳಿಕೊಂಡು ಬಂದರು. ಕೆಳದರ್ಜೆಯ ಕ್ಲಬ್ಬಿನ ಎಳೆಯ ಆಟಗಾರನೊಬ್ಬ ಎದ್ದುನಿಂತು, ನನ್ನಪ್ಪ ಗಣಿಯಲ್ಲಿ ಕಲ್ಲಿದ್ದಲು ಅಗೆಯುತ್ತಾನೆ, ಅವನಿಗೆ ಸಿಗುವುದು ನನಗಿಂತ ಕಡಿಮೆ, ನಾವು ಮುಷ್ಕರ ಮಾಡುವುದು ನ್ಯಾಯವೇ ಎಂದು ಕೇಳಿದ. ಸಭೆ ಗೊಂದಲಕ್ಕೆ ಬಿತ್ತು. ಆಗ ಬೋಲ್ಟನ್ ತಂಡದ ರಕ್ಷಕ ಟಾಮಿ ಬ್ಯಾಂಕ್ಸ್ ಎದ್ದ. ಅವನೂ ಗಣಿಗಳ ಸೀಮೆಯವನೇ. ಗಣಿಯ ಕೆಲಸದ ಕಷ್ಟ ನನಗೂ ಗೊತ್ತು, ಆದರೆ ನಿನ್ನಪ್ಪ ಅಗೆಯುವುದನ್ನು ನೋಡಲು ಮೂವತ್ತು ಸಾವಿರ ಜನ ಟಿಕೆಟ್ ಕೊಳ್ಳುವುದಿಲ್ಲ, ಇಗೋ ಇಲ್ಲಿ ಕೂತಿರುವ ಮ್ಯಾಥ್ಯೂಸನನ್ನು ನಾನು ತಡೆಯುವುದನ್ನು ನೋಡಲು ಕೊಳ್ಳುತ್ತಾರೆ ಎಂಬರ್ಥದ ಮಾತು ಹೇಳಿದ. ಸಭೆ ಅಲ್ಲಿಗೆ ತೀರ್ಮಾನವಾಯಿತು. ಹಿಲ್ ಎಷ್ಟೋ ತಿಂಗಳಿಂದ ಹೇಳುತ್ತಿದ್ದದ್ದನ್ನು ಬ್ಯಾಂಕ್ಸ್ ಒಂದೇ ಉಸಿರಿಗೆ ಮುಗಿಸಿದ್ದ.

ಮುಷ್ಕರಕ್ಕೆ 1961ರ ಜನವರಿ 21 ಎಂದು ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಇರುವಾಗ ಲೀಗ್ ಮಣಿಯಿತು. ಅರವತ್ತು ವರ್ಷದ ಮಿತಿ ಬಿದ್ದುಹೋಯಿತು. ಫುಲ್ಹ್ಯಾಮಿನ ಅಧ್ಯಕ್ಷ, ಹಾಸ್ಯನಟ ಟಾಮಿ ಟ್ರಿಂಡರ್, ನಿಯಮ ಬಿಟ್ಟರೆ ಹೇನ್ಸ್‌ಗೆ ವಾರಕ್ಕೆ ನೂರು ಪೌಂಡ್ ಕೊಡುತ್ತೇನೆಂದು ಮೊದಲೇ ಹೇಳಿಕೊಂಡಿದ್ದ. ಈಗ ಕೊಡಲೇಬೇಕಾಯಿತು. ನೋಂದಣಿ ಹಿಡಿದಿಡುವ ನಿಯಮ ಬೀಳಲು ಇನ್ನೂ ಎರಡು ವರ್ಷ ಬೇಕಾಯಿತು. ನ್ಯೂಕ್ಯಾಸಲ್ ಬಿಟ್ಟು ಆರ್ಸೆನಲ್‌ಗೆ ಹೋಗಬಯಸಿದ್ದ ಜಾರ್ಜ್ ಈಸ್ಟ್‌ಹ್ಯಾಮ್ ಸಂಘದ ಬೆಂಬಲದಿಂದ ಕೋರ್ಟಿಗೆ ಹೋದ. ಆ ನಿಯಮ ದುಡಿಯುವ ಹಕ್ಕಿಗೆ ಅಡ್ಡಿ ಎಂದು 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪು ಕೊಟ್ಟರು. ಇದರಲ್ಲಿ ಹಿಲ್‌ಗೆ ಸ್ವಂತಕ್ಕೆ ದಕ್ಕಿದ್ದು ಏನೂ ಇಲ್ಲ. ಮಂಡಿ ಕೈಕೊಟ್ಟು 1961ರಲ್ಲೇ ಅವನ ಆಟ ನಿಂತಿತು. ತಾನು ಗಳಿಸಿಕೊಟ್ಟ ಸಂಬಳವನ್ನು ಅವನು ಉಣ್ಣಲಿಲ್ಲ.

ಆ ನವೆಂಬರಿನಲ್ಲಿ ಮೂರನೇ ಡಿವಿಷನ್ನಿನ ಕವೆಂಟ್ರಿ ಸಿಟಿ ತಂಡ ಕಪ್ ಪಂದ್ಯದಲ್ಲಿ ಕಿಂಗ್ಸ್ ಲಿನ್ ಎಂಬ, ಲೀಗಿನ ಹೊರಗಿನ ಸಣ್ಣ ಕ್ಲಬ್ಬಿಗೆ ಸೋತು ಮುಖ ಕೆಡಿಸಿಕೊಂಡಿತು. ಅಧ್ಯಕ್ಷ ಡೆರಿಕ್ ರಾಬಿನ್ಸ್ ಹಿಲ್‌ನನ್ನು ಮ್ಯಾನೇಜರನಾಗಿ ಕರೆತಂದ. ಮುಂದಿನ ಆರು ವರ್ಷ ಆ ಕಾರುಕಾರ್ಖಾನೆಗಳ ಊರಿನಲ್ಲಿ ನಡೆದದ್ದನ್ನು ಅಲ್ಲಿಯವರು ಇಂದಿಗೂ ಆಕಾಶನೀಲಿ ಕ್ರಾಂತಿ ಎನ್ನುತ್ತಾರೆ. ಅಂಗಿ, ಚಡ್ಡಿ, ಕಾಲುಚೀಲ ಎಲ್ಲಕ್ಕೂ ತಿಳಿನೀಲಿ ಬಣ್ಣ. ನಿರ್ದೇಶಕ ಜಾನ್ ಕ್ಯಾಮ್ಕಿನ್ ಜೊತೆ ಕೂತು ಹಿಲ್ ತಂಡಕ್ಕೊಂದು ಹಾಡು ಕಟ್ಟಿದ. ಈಟನ್ ಶಾಲೆಯ ಶ್ರೀಮಂತ ಮಕ್ಕಳ ದೋಣಿಹಾಡಿನ ಧಾಟಿ, ಹಾಡುವವರು ಕಾರ್ಖಾನೆಯ ಕಾರ್ಮಿಕರು. ಹೊರಊರಿನ ಪಂದ್ಯಗಳಿಗೆ ಅಭಿಮಾನಿಗಳಿಗೆ ವಿಶೇಷ ರೈಲು ಬಿಟ್ಟ. ಪಂದ್ಯಕ್ಕೆ ಮುಂಚೆ ಅಂಗಳದಲ್ಲಿ ಸಂಗೀತ, ಮಕ್ಕಳಿಗೆ ಸೋಡಾ ಮತ್ತು ಚಿಪ್ಸ್. 1965ರ ಅಕ್ಟೋಬರಿನಲ್ಲಿ ಕಾರ್ಡಿಫ್‌ನಲ್ಲಿ ನಡೆಯುತ್ತಿದ್ದ ಪಂದ್ಯವನ್ನು ಕವೆಂಟ್ರಿಯ ಹೈಫೀಲ್ಡ್ ರೋಡ್ ಮೈದಾನದಲ್ಲಿ ದೊಡ್ಡ ಪರದೆಗಳ ಮೇಲೆ ನೇರವಾಗಿ ತೋರಿಸಿದ. ಖಾಲಿ ಅಂಗಳದ ಸುತ್ತ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ ಪರದೆ ನೋಡಿದರು. ಪಂದ್ಯ ಇಲ್ಲದ ಕಡೆಗೂ ಜನ ಬರುತ್ತಾರೆ, ತೋರಿಸುವ ರೀತಿ ಗೊತ್ತಿರಬೇಕು ಎಂಬುದು ಅವತ್ತು ಹಿಲ್‌ಗೆ ಮನದಟ್ಟಾಗಿರಬೇಕು.

ತಂಡ 1964ರಲ್ಲಿ ಎರಡನೇ ಡಿವಿಷನ್ನಿಗೆ, 1967ರಲ್ಲಿ ಮೊದಲನೆಯದಕ್ಕೆ ಏರಿತು. ಆ ಏಪ್ರಿಲ್‌ನಲ್ಲಿ ವುಲ್ವ್ಸ್ ವಿರುದ್ಧದ ಪಂದ್ಯಕ್ಕೆ 51,455 ಜನ ಸೇರಿದರು. ಹೈಫೀಲ್ಡ್ ರೋಡ್ ಅಷ್ಟು ಜನರನ್ನು ಮತ್ತೆಂದೂ ಕಾಣಲಿಲ್ಲ. ಮೊದಲ ದರ್ಜೆಯ ಮೊದಲ ಋತು ಇನ್ನೇನು ಶುರು ಎನ್ನುವಾಗ ಹಿಲ್ ರಾಜೀನಾಮೆ ಪ್ರಕಟಿಸಿದ. ಅವನ ಕಣ್ಣು ಟಿವಿಯ ಮೇಲಿತ್ತು. ಊರಿಗೆ ಊರೇ ಬೇಸರಪಟ್ಟಿತು, ಅದರಲ್ಲಿ ತಪ್ಪೂ ಇರಲಿಲ್ಲ. ಆದರೂ ಅವನು ಏರಿಸಿಟ್ಟ ತಂಡ 2001ರವರೆಗೆ, ಒಟ್ಟು 34 ವರ್ಷ, ಮೇಲಿನ ದರ್ಜೆಯಲ್ಲೇ ಉಳಿಯಿತು.

1968ರಲ್ಲಿ ಹೊಸದಾಗಿ ಹುಟ್ಟಿದ ಲಂಡನ್ ವೀಕೆಂಡ್ ಟೆಲಿವಿಷನ್ ಹಿಲ್‌ನನ್ನು ಕ್ರೀಡಾ ವಿಭಾಗದ ಮುಖ್ಯಸ್ಥನನ್ನಾಗಿ ತೆಗೆದುಕೊಂಡಿತು. ಭಾನುವಾರ ಮಧ್ಯಾಹ್ನದ 'ದ ಬಿಗ್ ಮ್ಯಾಚ್' ಕಾರ್ಯಕ್ರಮದಲ್ಲಿ ಬ್ರಯನ್ ಮೂರ್ ವೀಕ್ಷಕ ವಿವರಣೆ ಕೊಡುತ್ತಿದ್ದ, ಹಿಲ್ ಪಂದ್ಯವನ್ನು ಬಿಡಿಸಿ ಹೇಳುತ್ತಿದ್ದ. ಅಲ್ಲಿಯವರೆಗೆ ಟಿವಿಯಲ್ಲಿ ಆಟ ಎಂದರೆ ಚೆಂಡು ಯಾರ ಬಳಿ ಇದೆ ಎಂದು ಹೇಳುವುದು, ಗೋಲಾದಾಗ ದನಿ ಏರಿಸುವುದು. ಹಿಲ್ ದೃಶ್ಯವನ್ನು ನಿಲ್ಲಿಸಿದ, ನಿಧಾನಗತಿಯಲ್ಲಿ ಮತ್ತೆ ಓಡಿಸಿದ. ಗೋಲು ಹೊಡೆದವನನ್ನು ಬಿಟ್ಟು, ಮೂರು ಹೆಜ್ಜೆ ಪಕ್ಕಕ್ಕೆ ಸರಿದು ರಕ್ಷಕನನ್ನು ತನ್ನ ಹಿಂದೆ ಎಳೆದುಕೊಂಡು ಹೋದವನನ್ನು ತೋರಿಸಿದ. ಚೆಂಡಿಲ್ಲದ ಆಟಗಾರ ಮಾಡುವ ಕೆಲಸ ಮನೆಯಲ್ಲಿ ಕೂತವನಿಗೆ ಕಂಡದ್ದು ಆಗಲೇ. ಇದನ್ನು ಬರೀ ತಂತ್ರದ ಬೆಳವಣಿಗೆ ಎಂದುಕೊಂಡರೆ ಹಿಲ್‌ನನ್ನು ಅರ್ಧ ಮಾತ್ರ ತಿಳಿದಂತೆ. ಆಟಗಾರನ ದುಡಿಮೆಗೆ ಬೆಲೆಯಿದೆ ಎಂದು ಅವನು ಸಂಘದ ಸಭೆಗಳಲ್ಲಿ ವಾದಿಸಿದ್ದ. ಆ ದುಡಿಮೆ ಏನೆಂಬುದನ್ನು ಈಗ ಕಣ್ಣಿಗೆ ಕಟ್ಟುವಂತೆ ತೋರಿಸುತ್ತಿದ್ದ.

1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಅವನು ಇನ್ನೂ ಮುಂದೆ ಹೋದ. ಐಟಿವಿ ವಾಹಿನಿಯ ಸ್ಟುಡಿಯೋದಲ್ಲಿ ನಾಲ್ವರನ್ನು ಸಾಲಾಗಿ ಕೂರಿಸಿದ. ಬಾಯಲ್ಲಿ ಸಿಗಾರು ಇಟ್ಟುಕೊಂಡ ಮ್ಯಾಂಚೆಸ್ಟರ್ ಸಿಟಿಯ ಕೋಚ್ ಮಾಲ್ಕಮ್ ಆಲಿಸನ್, ಉತ್ತರ ಐರ್ಲೆಂಡಿನ ಡೆರೆಕ್ ಡೂಗನ್, ಸ್ಕಾಟ್ಲೆಂಡಿನ ಪ್ಯಾಡಿ ಕ್ರೆರಂಡ್, ಇಂಗ್ಲೆಂಡಿನ ಅಂತಿಮ ಪಟ್ಟಿಯಿಂದ ಕೊನೆಗಳಿಗೆಯಲ್ಲಿ ಬಿದ್ದುಹೋಗಿದ್ದ ಬಾಬ್ ಮ್ಯಾಕ್‌ನ್ಯಾಬ್. ಗಾಢ ಬಣ್ಣದ ಅಂಗಿಗಳು, ಅಗಲ ಕಾಲರ್‌ಗಳು. ಇವರು ಒಬ್ಬರ ಮಾತನ್ನೊಬ್ಬರು ಕತ್ತರಿಸಿದರು, ದೊಡ್ಡ ದೊಡ್ಡ ಹೆಸರುಗಳನ್ನು ಹೆದರದೆ ಬೈದರು, ಕಾರ್ಯಕ್ರಮ ಮುಗಿದರೂ ಜಗಳ ಮುಗಿಯಲಿಲ್ಲ. ಟೈ ಕಟ್ಟಿಕೊಂಡು ನಯವಾಗಿ ಮಾತಾಡುವ ಬಿಬಿಸಿಯ ಪಾರುಪತ್ಯಕ್ಕೆ ಮೊದಲ ಸಲ ಸರಿಯಾದ ಪೈಪೋಟಿ ಎದುರಾಯಿತು. ಬೀದಿಬೀದಿಗಳಲ್ಲಿ ಜನ ಪಂದ್ಯದ ಜೊತೆಗೆ ಈ ನಾಲ್ವರ ವಾದವನ್ನೂ ಚರ್ಚಿಸಿದರು. ಕೆಲಸಗಾರರ ಮನೆಯ ಗಂಡಸರು ತಮ್ಮ ಸೀಮೆಯ ಉಚ್ಚಾರಣೆಯಲ್ಲೇ, ತಮ್ಮ ಕಸುಬಿನ ಬಗ್ಗೆ, ದೇಶದ ಮುಂದೆ ಅಧಿಕಾರವಾಣಿಯಿಂದ ಮಾತಾಡಿದ್ದು ಅದುವರೆಗೆ ಕಾಣದ ಸಂಗತಿ. ಅದೇ ಡೂಗನ್ ಮುಂದೆ ಹಿಲ್ ಕೂತಿದ್ದ ಕುರ್ಚಿಯಲ್ಲಿ ಆಟಗಾರರ ಸಂಘದ ಅಧ್ಯಕ್ಷನಾಗಿ ಕೂತ.

1972ರ ಸೆಪ್ಟೆಂಬರ್ 16ರಂದು ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಲಿವರ್‌ಪೂಲ್ ಪಂದ್ಯ. ನಡುವೆ ಲೈನ್ಸ್‌ಮನ್ ಗಾಯಗೊಂಡ. ಅರ್ಹ ಅಧಿಕಾರಿ ಸಿಗದಿದ್ದರೆ ಪಂದ್ಯವೇ ನಿಲ್ಲಬೇಕು. ಧ್ವನಿವರ್ಧಕದಲ್ಲಿ ಕರೆ ಹೋಯಿತು. ಪ್ರೇಕ್ಷಕರ ನಡುವೆ ಕೂತಿದ್ದ ಹಿಲ್, ರೆಫರಿ ಪರೀಕ್ಷೆ ಪಾಸಾಗಿದ್ದವನು, ಕೆಳಗಿಳಿದು ಬಂದು ಟ್ರ್ಯಾಕ್‌ಸೂಟ್ ತೊಟ್ಟು ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡಿದ. ಆಟಗಾರ, ಸಂಘದ ಮುಖಂಡ, ಮ್ಯಾನೇಜರ್, ವಿಶ್ಲೇಷಕ, ಆಮೇಲೆ ಕ್ಲಬ್ಬಿನ ಅಧ್ಯಕ್ಷ. ಇಷ್ಟರ ಜೊತೆಗೆ ಮೊದಲ ದರ್ಜೆಯ ಪಂದ್ಯದಲ್ಲಿ ಲೈನ್ಸ್‌ಮನ್ ಕೂಡ ಆದವನನ್ನು ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯಲ್ಲಿ ಇನ್ನೊಬ್ಬನನ್ನು ನಾನು ಕಂಡಿಲ್ಲ.

1973ರಲ್ಲಿ ಅವನು ಬಿಬಿಸಿಗೆ ಹೋದ. ಶನಿವಾರ ರಾತ್ರಿಯ 'ಮ್ಯಾಚ್ ಆಫ್ ದ ಡೇ' ಕಾರ್ಯಕ್ರಮವನ್ನು 1988ರವರೆಗೆ ನಡೆಸಿಕೊಟ್ಟ. ಅವನ ಮಾತು ಎಲ್ಲರಿಗೂ ಹಿಡಿಸುತ್ತಿರಲಿಲ್ಲ, ಹಿಡಿಸಲಿ ಎಂದು ಅವನು ಆಡುತ್ತಲೂ ಇರಲಿಲ್ಲ. 1982ರ ವಿಶ್ವಕಪ್‌ನಲ್ಲಿ ಸೆವಿಯಾದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ನೇರಿ, ಜೀಕೋ, ಸಾಕ್ರಟೀಸರಿದ್ದ ಬ್ರೆಜಿಲ್ ವಿರುದ್ಧ ದೂರದಿಂದ ಅದ್ಭುತ ಗೋಲು ಹೊಡೆದ. ಸ್ಕಾಟರು ಹುಚ್ಚೆದ್ದು ಕುಣಿದರು. ಹಿಲ್ ಅದನ್ನು ಕಾಲ್ಬೆರಳ ತುದಿಯಿಂದ ತಿವಿದದ್ದು ಎಂದುಬಿಟ್ಟ. ಬ್ರೆಜಿಲ್ ಆಮೇಲೆ ನಾಲ್ಕು ಗೋಲು ಹೊಡೆದು ಗೆದ್ದಿತು. ಸೋಲನ್ನು ಸ್ಕಾಟರು ಮರೆತರೂ ಹಿಲ್ ಆಡಿದ ಮಾತನ್ನು ಮರೆಯಲಿಲ್ಲ. ಮುಂದೆ ವರ್ಷಗಟ್ಟಲೆ ಅವರ ಗ್ಯಾಲರಿಗಳಲ್ಲಿ ಅವನ ಹೆಸರು ಹಿಡಿದು ಬೈಗುಳದ ಹಾಡು ಕೇಳುತ್ತಿತ್ತು. ನೇರಿಯ ಗೋಲನ್ನು ನೋಡಿದ ನನಗೆ ಹಿಲ್ ಅಲ್ಲಿ ಅನ್ಯಾಯವಾಗಿ ಮಾತಾಡಿದನೆಂದೇ ಅನಿಸುತ್ತದೆ.

ಸಂಡರ್‌ಲೆಂಡಿನವರ ಸಿಟ್ಟು ಬೇರೆ ಬಗೆಯದು, ಅದಕ್ಕೆ ಗಟ್ಟಿ ಕಾರಣವೂ ಇದೆ. ಹಿಲ್ 1975ರಲ್ಲಿ ಆಡಳಿತ ನಿರ್ದೇಶಕನಾಗಿ ಕವೆಂಟ್ರಿಗೆ ಮರಳಿದ್ದ, ಟಿವಿಯನ್ನೂ ಬಿಟ್ಟಿರಲಿಲ್ಲ. 1977ರ ಮೇ 19, ಗುರುವಾರ ರಾತ್ರಿ. ಸಂಡರ್‌ಲೆಂಡ್, ಬ್ರಿಸ್ಟಲ್ ಸಿಟಿ, ಕವೆಂಟ್ರಿ ಮೂರರಲ್ಲಿ ಒಂದು ತಂಡ ಕೆಳದರ್ಜೆಗೆ ಇಳಿಯಬೇಕು. ಕವೆಂಟ್ರಿ ಮತ್ತು ಬ್ರಿಸ್ಟಲ್ ಹೈಫೀಲ್ಡ್ ರೋಡ್‌ನಲ್ಲಿ ಎದುರುಬದುರು, ಸಂಡರ್‌ಲೆಂಡ್ ಎವರ್ಟನ್ ತಂಡದ ಊರಿನಲ್ಲಿ. ಜನಸಂದಣಿಯ ಕಾರಣ ಹೇಳಿ ಕವೆಂಟ್ರಿಯ ಪಂದ್ಯವನ್ನು ತಡವಾಗಿ ಶುರುಮಾಡಿದರು. ಟಾಮಿ ಹಚಿಸನ್ ಎರಡು ಗೋಲು ಹೊಡೆದ, ಬ್ರಿಸ್ಟಲ್ ಎರಡನ್ನೂ ತೀರಿಸಿ 2-2 ಮಾಡಿತು. ಇನ್ನೊಂದು ಗೋಲಾದರೆ ಒಬ್ಬರ ಕತೆ ಮುಗಿದಂತೆ. ಅಷ್ಟರಲ್ಲಿ ಸಂಡರ್‌ಲೆಂಡ್ ಪಂದ್ಯ ಮುಗಿದು 2-0 ಸೋಲಿನ ಸುದ್ದಿ ಬಂತು. ಅದನ್ನು ಮೈದಾನದ ಫಲಕದ ಮೇಲೆ ಹಾಕುವಂತೆ ಹಿಲ್ ನೋಡಿಕೊಂಡ. ಡ್ರಾ ಆದರೆ ಇಬ್ಬರೂ ಉಳಿಯುತ್ತೇವೆ ಎಂಬುದು ಎರಡೂ ತಂಡಗಳಿಗೆ ಆ ಕ್ಷಣ ತಿಳಿಯಿತು. ಉಳಿದ ನಿಮಿಷಗಳಲ್ಲಿ ಯಾರೂ ಗೋಲಿನ ಕಡೆ ನೋಡಲಿಲ್ಲ. ಚೆಂಡು ನಡುಅಂಗಳದಲ್ಲಿ ಇವರಿಂದ ಅವರಿಗೆ, ಅವರಿಂದ ಇವರಿಗೆ ಸುಮ್ಮನೆ ಹೊರಳಿತು. ಸಂಡರ್‌ಲೆಂಡ್ ಇಳಿಯಿತು.

ಲೀಗ್ ವಿಚಾರಣೆ ಮಾಡಿ ಛೀಮಾರಿ ಹಾಕಿತು, ಫಲಿತಾಂಶ ಮಾತ್ರ ಬದಲಾಗಲಿಲ್ಲ. ಮೂವತ್ತು ವರ್ಷದ ಮೇಲೆ ಫುಲ್ಹ್ಯಾಮಿನ ಅಂಗಳದಲ್ಲಿ ಕಾಣಿಸಿಕೊಂಡ ಮುದುಕ ಹಿಲ್‌ನನ್ನು ನೋಡಿ ಸಂಡರ್‌ಲೆಂಡಿನವರು ಎಬ್ಬಿಸಿದ ಗದ್ದಲಕ್ಕೆ ಅವನನ್ನು ರಕ್ಷಣೆಯಲ್ಲಿ ಕರೆದೊಯ್ಯಬೇಕಾಯಿತು. ಹಿಲ್ ನಿಯಮ ಮುರಿಯಲಿಲ್ಲ, ಸುಳ್ಳು ಹೇಳಲಿಲ್ಲ, ನಿಜವಾದ ಸುದ್ದಿಯನ್ನೇ ಫಲಕಕ್ಕೆ ಹಾಕಿಸಿದ. ಆದರೆ ಆ ಸುದ್ದಿ ಆಟವನ್ನು ಕೊಲ್ಲುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಮತ್ತಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಅವತ್ತು ಅವನು ಆಟದ ಪರವಾಗಿ ನಿಲ್ಲಲಿಲ್ಲ, ತನ್ನ ಕ್ಲಬ್ಬಿನ ಪರವಾಗಿ ನಿಂತ.

ಆಟದ ಪರವಾಗಿ ಅವನು ಮಾಡಿದ್ದೂ ಇದೆ. ಆಗ ಗೆದ್ದವರಿಗೆ ಎರಡು ಅಂಕ, ಡ್ರಾ ಮಾಡಿದವರಿಗೆ ಒಂದು. ಹೊರಊರಿಗೆ ಹೋದ ತಂಡಗಳು ಒಂದು ಅಂಕ ಸಿಕ್ಕರೆ ಸಾಕೆಂದು ಹಿಂದೆ ಸರಿದು ಕೋಟೆ ಕಟ್ಟಿ ನಿಲ್ಲುತ್ತಿದ್ದವು, ಜನ ಬೇಸತ್ತು ಮೈದಾನ ಬಿಡುತ್ತಿದ್ದರು. ಗೆದ್ದವರಿಗೆ ಮೂರು ಅಂಕ ಕೊಡಿ ಎಂಬುದು ಹಿಲ್‌ನ ವಾದ. 1973ರಲ್ಲಿ ಇಸ್ತ್‌ಮಿಯನ್ ಲೀಗ್ ಎಂಬ ಸಣ್ಣ ಲೀಗಿನಲ್ಲಿ ಅದು ಜಾರಿಗೆ ಬಂತು, 1981ರಲ್ಲಿ ಇಂಗ್ಲೆಂಡಿನ ಲೀಗ್ ಒಪ್ಪಿತು, 1994ರಲ್ಲಿ ವಿಶ್ವಕಪ್ ಒಪ್ಪಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಗೆದ್ದಾಗ ಪಟ್ಟಿಗೆ ಸೇರುವ ಮೂರು ಅಂಕ ಈ ಲೆಕ್ಕದ್ದೇ.

ಅದೇ 1981ರಲ್ಲಿ ಹೈಫೀಲ್ಡ್ ರೋಡ್‌ನಲ್ಲಿ ನಿಂತು ನೋಡುವ ಜಾಗಗಳನ್ನೆಲ್ಲ ಕಿತ್ತು ಕುರ್ಚಿ ಹಾಕಿಸಿದ. ಎಲ್ಲರೂ ಕೂತು ನೋಡುವ ಮೈದಾನ ಇಂಗ್ಲೆಂಡಿನಲ್ಲಿ ಅದೇ ಮೊದಲು. ಕೂತವನು ಪುಂಡಾಟ ಮಾಡಲಾರ ಎಂದು ಅವನ ನಂಬಿಕೆ. ಲೀಡ್ಸ್‌ನಿಂದ ಬಂದವರು ಆ ಕುರ್ಚಿಗಳನ್ನೇ ಕಿತ್ತು ಎಸೆದರು. ಸ್ವಂತ ಅಭಿಮಾನಿಗಳೂ ಗೊಣಗಿದರು, ಕೆಲ ಕಾಲದಲ್ಲೇ ಒಂದು ಭಾಗದ ಕುರ್ಚಿ ತೆಗೆಸಬೇಕಾಯಿತು. 1989ರಲ್ಲಿ ಹಿಲ್ಸ್‌ಬರೋದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ಅಭಿಮಾನಿಗಳು 97 ಮಂದಿ ಪ್ರಾಣ ಕಳೆದುಕೊಂಡ ಮೇಲೆ, ದೊಡ್ಡ ಮೈದಾನಗಳಲ್ಲೆಲ್ಲ ಕುರ್ಚಿಯೇ ಇರಬೇಕೆಂದು ಟೇಲರ್ ತನಿಖಾ ವರದಿ ಹೇಳಿತು.

ಇಷ್ಟು ಹೇಳಿ 1982ರ ದಕ್ಷಿಣ ಆಫ್ರಿಕಾ ಪ್ರವಾಸದ ವಿಷಯ ಮುಚ್ಚಿಡುವಂತಿಲ್ಲ. ವರ್ಣಭೇದ ನೀತಿಗಾಗಿ ಫಿಫಾ ಹೊರಹಾಕಿದ್ದ ದೇಶಕ್ಕೆ ಅಲ್ಲಿನ ಬಿಯರ್ ಕಂಪನಿಯ ದುಡ್ಡಿನಲ್ಲಿ ಆಟಗಾರರ ತಂಡ ಕಟ್ಟಿಕೊಂಡು ಹೋದವರಲ್ಲಿ ಹಿಲ್ ಮುಖ್ಯನಾಗಿದ್ದ. ಅಲ್ಲಿನ ಕರಿಯರ ಕ್ಲಬ್ಬುಗಳು ಆಡಲು ಒಪ್ಪದೆ ಪ್ರವಾಸ ನಡುವೆಯೇ ಮುರಿದುಬಿತ್ತು. 2004ರಲ್ಲಿ ವಿಶ್ಲೇಷಕ ರಾನ್ ಆಟ್ಕಿನ್ಸನ್ ಕಪ್ಪುವರ್ಣದ ಆಟಗಾರ ಮಾರ್ಸೆಲ್ ಡೆಸಾಯಿಯನ್ನು ಜನಾಂಗ ನಿಂದೆಯ ಮಾತಿನಿಂದ ಕರೆದು ಕೆಲಸ ಕಳೆದುಕೊಂಡಾಗ, ಜನ ನನ್ನ ಗಲ್ಲದ ಬಗ್ಗೆ ತಮಾಷೆ ಮಾಡುವುದಿಲ್ಲವೇ, ಇದೂ ಹಾಗೇ ಎಂಬಂತೆ ಹಿಲ್ ಅವನನ್ನು ಸಮರ್ಥಿಸಿದ. ಆಟಗಾರನೂ ಮನುಷ್ಯ ಎಂದು 1961ರಲ್ಲಿ ಅಷ್ಟು ಸ್ಪಷ್ಟವಾಗಿ ವಾದಿಸಿದವನಿಗೆ ಇದು ಏಕೆ ಕಾಣಲಿಲ್ಲವೋ. ಅವನನ್ನು ಮೆಚ್ಚುವ ನನ್ನಂಥವರಿಗೆ ಇವೆರಡು ನೋವಿನ ಸಂಗತಿಗಳು.

1998ರ ವಿಶ್ವಕಪ್ ಬಿಬಿಸಿಯಲ್ಲಿ ಅವನ ಕೊನೆಯದು. ಆಮೇಲೆ ಸ್ಕೈ ವಾಹಿನಿಯಲ್ಲಿ ಭಾನುವಾರ ಬೆಳಗ್ಗೆ ಪತ್ರಕರ್ತರನ್ನು ಸುತ್ತ ಕೂರಿಸಿಕೊಂಡು ಕೆಲವು ವರ್ಷ ವಾದ ಮುಂದುವರಿಸಿದ. 2008ರಲ್ಲಿ ಆಲ್ಝೈಮರ್ ಕಾಯಿಲೆ ಗೊತ್ತಾಯಿತು. 2011ರ ಜುಲೈನಲ್ಲಿ ಕವೆಂಟ್ರಿಯ ಅಭಿಮಾನಿಗಳು ಕೂಡಿಸಿದ ಹಣದಿಂದ ಹೊಸ ಕ್ರೀಡಾಂಗಣದ ಎದುರು ಅವನ ಪ್ರತಿಮೆ ನಿಂತಾಗ ಅವನೇ ಬಂದಿದ್ದ. 2015ರ ಡಿಸೆಂಬರ್ 19ರಂದು, 87ನೇ ವಯಸ್ಸಿನಲ್ಲಿ, ತೀರಿಕೊಂಡ.

ಫುಲ್ಹ್ಯಾಮಿನ ಮಾತು ಬಾಕಿಯಿದೆ. 1987ರಲ್ಲಿ ಥೇಮ್ಸ್ ದಡದ ಆ ಜಾಗದ ಮೇಲೆ ಕಟ್ಟಡ ಉದ್ಯಮಿಗಳ ಕಣ್ಣು ಬಿತ್ತು. ಕ್ಲಬ್ಬನ್ನು ನೆರೆಯ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಸೇರಿಸಿ ಮೈದಾನವನ್ನು ಮನೆಗಳಿಗೆ ಬಿಟ್ಟುಕೊಡುವ ಯೋಜನೆ ತಯಾರಾಗಿತ್ತು. ಅಭಿಮಾನಿಗಳು ಅಂಗಳಕ್ಕಿಳಿದು ಪ್ರತಿಭಟಿಸಿದರು. ತಾನು ಒಂಬತ್ತು ವರ್ಷ ಆಡಿದ ಕ್ಲಬ್ಬಿಗಾಗಿ ಹಿಲ್ ಹಣ ಹಾಕುವವರನ್ನು ಕೂಡಿಸಿದ, ತಾನೇ ಅಧ್ಯಕ್ಷನಾದ. ಮುಂದಿನ ಹತ್ತು ವರ್ಷ ಕೈಯಲ್ಲಿ ಕಾಸಿಲ್ಲದೆ, ಕೆಳಗಿನ ಡಿವಿಷನ್ನುಗಳಲ್ಲಿ ಹೊರಳುತ್ತಾ ಕ್ಲಬ್ಬು ಹೇಗೋ ಉಸಿರು ಹಿಡಿದುಕೊಂಡಿತು. 1997ರಲ್ಲಿ ಅದು ಮೊಹಮ್ಮದ್ ಅಲ್ ಫಾಯೆದ್ ಕೈಗೆ ಹೋಯಿತು, 2001ರಲ್ಲಿ ಪ್ರೀಮಿಯರ್ ಲೀಗ್ ಸೇರಿತು. 2010ರ ಮೇ 12ರಂದು ಹ್ಯಾಂಬರ್ಗ್‌ನಲ್ಲಿ ಯೂರೋಪಾ ಲೀಗಿನ ಫೈನಲ್ ಆಡಿದ ಫುಲ್ಹ್ಯಾಮ್, ಹೆಚ್ಚುವರಿ ಸಮಯದ ಕೊನೆಯ ನಿಮಿಷಗಳಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ 2-1ರಿಂದ ಸೋತಿತು.